ಇಂದಿನ ದೃಷ್ಟಿಯಿಂದ ಮಿನಾಳ ಹಸು

ನಮ್ಮೂರು ಒಕಕರಾರದಲ್ಲಿ ಬಸ್ಸು ನಿಲ್ಲುವ ಮರದಡಿ ಹುಳಿ ಬಂದ ಹಿಟ್ಟಿನ ಉಂಡೆ ಕರಿದು ಮಾರುತ್ತಿದ್ದ ವಿಲ್ಹೆಲ್ಮಿನೆ ಎಂಬವಳಿಗೆ, ಅಂದರೆ ನಮ್ಮ ಮಿನಾಳಿಗೆ, ಜರ್ಮನ್ ಬರುತ್ತಿತ್ತು. ಈ ಸಂಗತಿ ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಇರಲು ಅವಳು ಬಿಟ್ಟಿರಲಿಲ್ಲ. ಎಣ್ಣೆ ಸಿಡಿದರೆ ಜರ್ಮನ್‌ನಲ್ಲಿ ಬಯ್ಯುವಳು, ನಾಯಿ ಬಂದರೆ ಜರ್ಮನ್‌ನಲ್ಲಿ ಅಟ್ಟುವಳು. ನಾಯಿಗಳೂ ನಮ್ಮ ಹೆರೆರೋ ಮಾತಿಗಿಂತ ಅದಕ್ಕೇ ಬೇಗ ಹೆದರುತ್ತಿದ್ದವು.

ಅವಳು ಅದನ್ನು ಶಾಲೆಯಲ್ಲಿ ಕಲಿತದ್ದಲ್ಲ. ಅವಳ ತಾಯಿ ಒಬ್ಬ ಜರ್ಮನ್ ಜಮೀನುದಾರನ ಮನೆಯಲ್ಲಿ ಅಡುಗೆಯವಳಾಗಿದ್ದಳು. ಮಿನಾ ಅಂಬೆಗಾಲಿಟ್ಟದ್ದು, ನಡೆದದ್ದು, ಬೆಳೆದು ಮದುವೆಯಾಗಿ ಹೊರಟದ್ದು ಎಲ್ಲವೂ ಆ ಅಡುಗೆಮನೆಯಿಂದಲೇ. ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ದಪ್ಪ ಬಾಗಿಲಿತ್ತು. ಯಜಮಾನರು ತಮ್ಮತಮ್ಮಲ್ಲಿ ಆಡುವ ಮಾತೆಲ್ಲ ಆ ಬಾಗಿಲ ಆಚೆ ನಡೆಯುತ್ತಿತ್ತು. ಒಲೆಯ ಕಡೆ ಬಂದ ಮಾತಷ್ಟೇ ಮಿನಾಳ ಕಿವಿಗೆ ಬಿದ್ದದ್ದು. ಬೇಗ ಬಾ. ಕೈ ತೊಳಿ. ನಿನಗೆ ಎಷ್ಟು ಸಲ ಹೇಳಬೇಕು. ಮುಟ್ಟಬೇಡ. ಆಚೆ ನಿಲ್ಲು. ಹೀಗೆ ಅವಳ ಜರ್ಮನ್‌ನಲ್ಲಿ ಬಹುವಚನ ಇರಲಿಲ್ಲ, ‘ದಯವಿಟ್ಟು’ ಇರಲಿಲ್ಲ. ಇಲ್ಲ ಎಂಬುದು ಅವಳಿಗೆ ತಿಳಿದಿರಲೂ ಇಲ್ಲ. ಆ ಭಾಷೆಯೇ ಹಾಗೆ, ಜರ್ಮನರು ಒಬ್ಬರನ್ನೊಬ್ಬರು ಗದರಿಸಿಕೊಂಡೇ ಸಂಸಾರ ಮಾಡುವವರು ಎಂದು ಅವಳು ನಂಬಿದ್ದಳು.

ಒಂದು ಚಳಿಗಾಲ ಜರ್ಮನಿಯ ಯಾವುದೋ ಪ್ರತಿಷ್ಠಾನದವರು ನಮ್ಮೂರಿನಲ್ಲಿ ಒಂದು ವಾರದ ವಿಚಾರ ಸಂಕಿರಣ ಇಟ್ಟುಕೊಂಡರು. ಊರಿನಿಂದ ವಾಟರ್‌ಬರ್ಗ್ ಬೆಟ್ಟ ಕಾಣುತ್ತದೆ. ಆ ಬೆಟ್ಟದ ಬುಡದಲ್ಲಿ ೧೯೦೪ರಲ್ಲಿ ಏನಾಯಿತೆಂದು ನಮ್ಮಲ್ಲಿ ಕೂಸಿಗೂ ಗೊತ್ತು. ಜರ್ಮನ್ ಸೈನ್ಯ ನಮ್ಮವರನ್ನು ಸೋಲಿಸಿತು. ಸೋತವರನ್ನು ಹೆಂಗಸರು ಮಕ್ಕಳೆನ್ನದೆ ಒಮಾಹೆಕೆ ಮರಳುಗಾಡಿಗೆ ಅಟ್ಟಿತು, ಬಾವಿಗಳಿಗೆ ಕಾವಲು ಹಾಕಿತು, ತಿರುಗಿ ಬಂದವರನ್ನು ಗುಂಡಿಟ್ಟು ಕೊಂದಿತು, ಸಾಯದೆ ಉಳಿದವರನ್ನು ಶಿಬಿರಗಳಲ್ಲಿ ಕೂಡಿತು. ಇದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಇದನ್ನು ಏನೆಂದು ಕರೆಯಬೇಕು ಎಂಬುದೊಂದು ತೀರ್ಮಾನವಾಗಬೇಕಿತ್ತು. ಅದಕ್ಕಾಗಿ ಇತಿಹಾಸಕಾರರಾದ ಡಾಕ್ಟರ್ ಬ್ರಿಂಕಮಾನರೂ ಕಾನೂನು ಪಂಡಿತೆ ಡಾಕ್ಟರ್ ಜೈಫರ್ಟರೂ ಇನ್ನೂ ಕೆಲವರೂ ಎರಡು ಜೀಪುಗಳಲ್ಲಿ ಬಂದಿಳಿದರು.

ವಿಂಡ್‌ಹುಕ್‌ನಿಂದ ಹೊರಟಿದ್ದ ದುಭಾಷಿಯ ಕಾರಿಗೆ ದಾರಿಯಲ್ಲಿ ದೊಡ್ಡ ಕುಡು ಜಿಂಕೆಯೊಂದು ಅಡ್ಡ ಬಂತು. ಜಿಂಕೆ ಎದ್ದು ಹೋಯಿತು, ಕಾರು ಏಳಲಿಲ್ಲ. ಸಭಾಭವನದಲ್ಲಿ ಊರ ಹಿರಿಯರು ಒಂದು ಕಡೆ, ತಜ್ಞರು ಒಂದು ಕಡೆ ಕೂತು ಪರಸ್ಪರ ಮುಗುಳ್ನಗುತ್ತ ಅರ್ಧ ಬೆಳಗು ಕಳೆದರು. ಆಗ ಚಹಾದ ಜೊತೆ ಉಂಡೆಗಳ ಬುಟ್ಟಿ ಹೊತ್ತು ಒಳಗೆ ಬಂದ ಮಿನಾ, “ಇದಕ್ಯಾಕೆ ಇಷ್ಟು ಒದ್ದಾಟ? ನಾನಿದೀನಲ್ಲ” ಅಂದಳು.

ಹಿರಿಯರಲ್ಲಿ ಹಿರಿಯನಾದ ಕಾಕುಂದೆ ತಾತ ಎದ್ದು ನಿಂತ. ತೊಂಬತ್ತರ ಹತ್ತಿರದ ವಯಸ್ಸು, ಮೈಮೇಲೆ ನಮ್ಮವರು ಹಬ್ಬಹರಿದಿನಕ್ಕೆ ಹಾಕುವ ಪಟ್ಟಿಗುಂಡಿಗಳ ಸಿಪಾಯಿ ಕೋಟು. ಮಾತಿನಲ್ಲಿ ಬೆಣ್ಣೆಯಂಥ ಮನುಷ್ಯ.

“ದೂರದಿಂದ ಬಂದಿರೋ ದೊಡ್ಡವರೇ, ನಿಮಗೆ ಸ್ವಾಗತ. ನಮ್ಮ ನಾಲ್ಕು ಮಾತನ್ನ ದಯಮಾಡಿ ಕೇಳಿಸ್ಕೊಬೇಕು ಅಂತ ಬೇಡ್ಕೋತೀನಿ” ಅಂದ.

ಮಿನಾ ತಜ್ಞರ ಕಡೆ ತಿರುಗಿ, ಸೊಂಟಕ್ಕೆ ಕೈಯಿಟ್ಟು ಜರ್ಮನ್‌ನಲ್ಲಿ ಹೇಳಿದಳು: “ಬಂದ್ಯಾ? ಸರಿ. ಬಾಯಿ ಮುಚ್ಕೊಂಡು ಕೇಳು. ಎರಡನೇ ಸಲ ಹೇಳಲ್ಲ.”

ತಜ್ಞರ ಬೆನ್ನುಗಳೆಲ್ಲ ಒಂದೇ ಸಲ ನೆಟ್ಟಗಾದವು. ಡಾಕ್ಟರ್ ಜೈಫರ್ಟ್ ಚಹಾದ ಲೋಟ ಕೆಳಗಿಟ್ಟರು. ಡಾಕ್ಟರ್ ಬ್ರಿಂಕಮಾನ್ ಪಕ್ಕದವರ ಕಿವಿಯಲ್ಲಿ, “ಆಳುವವರ ಭಾಷೆಯನ್ನು ಆಳುವವರಿಗೇ ತಿರುಗಿಸುತ್ತಿದ್ದಾರೆ. ಅದ್ಭುತ!” ಎಂದು ಪಿಸುಗುಟ್ಟಿದರು. ಹಿರಿಯರಿಗಂತೂ ಮಿನಾಳ ಮೇಲೆ ಹೆಮ್ಮೆ ಉಕ್ಕಿತು. ತಾವು ಇಷ್ಟು ಮೆತ್ತಗೆ ಹೇಳಿದರೂ ಅವಳ ಬಾಯಿಂದ ಎಷ್ಟು ಗತ್ತಾಗಿ ಹೋಗುತ್ತಿದೆ!

ತಿರುಗು ಮುಖದ ತೊಂದರೆ ಬೇರೆಯೇ ಇತ್ತು. ಬ್ರಿಂಕಮಾನ್ ಮರ್ಯಾದಸ್ಥರು, ಮಿನಾಳನ್ನು ‘ನೀವು’ ಎನ್ನುತ್ತಿದ್ದರು. ಜೀವಮಾನದಲ್ಲಿ ಆ ಭಾಷೆ ಅವಳನ್ನು ಹಾಗೆ ಕರೆದಿರಲಿಲ್ಲವಾದ್ದರಿಂದ ಅವಳು ಹಿಂದೆ ತಿರುಗಿ ಯಾರು ಯಾರಿದ್ದಾರೆಂದು ನೋಡುತ್ತಿದ್ದಳು. ಒಮ್ಮೆ ಅವರು, “ನಿಮಗೆ ದಣಿವಾಗಿರಬೇಕು, ನೀರು ಕುಡಿಯುತ್ತೀರಾ?” ಎಂದು ಕೇಳಿದರು. ಮಿನಾ ಸಭೆಗೆ, “ಎಲ್ಲರಿಗೂ ದಣಿವಾಯ್ತಾ, ನೀರು ಬೇಕಾ ಅಂತ ಕೇಳ್ತಿದಾನೆ” ಅಂದಳು. ಸಭೆ ಒಕ್ಕೊರಲಿನಿಂದ ಬೇಕು ಎಂದಿತು. ವಾರಕ್ಕೆಂದು ತಂದಿದ್ದ ನೀರಿನ ಬಾಟಲಿಗಳೆಲ್ಲ ಅಂದೇ ಖಾಲಿಯಾದವು.

ನಂತರ ಜೈಫರ್ಟ್ ಎದ್ದು ಜನಾಂಗಹತ್ಯೆ ಎಂಬ ಪದದ ವ್ಯಾಖ್ಯೆಯನ್ನು ಬಿಡಿಸಿದರು. ಒಂದು ಗುಂಪಿನ ಜನರನ್ನು ಪೂರ್ತಿಯಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶ ಇರಬೇಕು. ಉದ್ದೇಶವೇ ಮುಖ್ಯ. ಕೊಂದವರ ಮನಸ್ಸಿನೊಳಗೆ ಏನಿತ್ತೆಂದು ಸಾಬೀತಾಗಬೇಕು. ಅಪ್ಪಣೆ ಹೊರಡಿಸಿದ ಸೇನಾಪತಿಯ ಉದ್ದೇಶ ಒಂದು, ಅವನನ್ನು ಕಳಿಸಿದ ಸರ್ಕಾರದ ಉದ್ದೇಶ ಇನ್ನೊಂದು ಇದ್ದೀತು. ಮುಕ್ಕಾಲು ಗಂಟೆಯ ಭಾಷಣವನ್ನು ಮಿನಾ ಒಂದೇ ಉಸಿರಿಗೆ ಮುಗಿಸಿದಳು: “ಕೊಂದಿದ್ದು ಹೌದಂತೆ. ಕೊಲ್ಲಬೇಕು ಅಂತ್ಲೇ ಕೊಂದ್ರಾ ಅಂತ ಹುಡುಕ್ತಿದಾರಂತೆ.”

“ಬಂದೂಕು ಯಾಕೆ ತಂದಿದ್ರಂತೆ, ಊರುಗೋಲಿಗಾ?” ಎಂದು ಹಿಂದಿನ ಸಾಲಿನ ಒಬ್ಬ ಕೂಗಿದ. ಸಭೆ ಗೊಳ್ಳೆಂದಿತು.

ಕಾಕುಂದೆ ತಾತ ನಗಲಿಲ್ಲ. ತನ್ನ ತಾಯಿ ಹೇಳಿದ್ದನ್ನು ಹೇಳಿದ. ತಾಯಿ ಆಗ ಎಳೆಯ ಹುಡುಗಿ. ಮರಳುಗಾಡಿನ ಅಂಚಿನ ಬಾವಿಗೆ ಅವಳೂ ಅವಳ ಅಣ್ಣನೂ ತೆವಳಿಕೊಂಡು ಬಂದರು. ಕಾವಲಿಗಿದ್ದವನು ಏನೋ ಕೂಗಿದ. ಮಕ್ಕಳಿಗೆ ತಿಳಿಯಲಿಲ್ಲ. ಅಣ್ಣ ಕೈಚಾಚಿ ಇನ್ನೂ ನಾಲ್ಕು ಮಾರು ಮುಂದೆ ಹೋದ.

ಇದನ್ನು ಹೇಳಲು ಮಿನಾಳಿಗೆ ಒಂದು ಪದಕ್ಕೂ ತಡಕಾಡಬೇಕಾಗಲಿಲ್ಲ. ನೀರು, ಬಾವಿ, ಮುಟ್ಟಬೇಡ, ಆಚೆ ನಿಲ್ಲು. ಎಲ್ಲ ಅವಳ ಬಳಿ ಇದ್ದ ಮಾತುಗಳೇ. ಕಾವಲಿನವನು ಕೂಗಿದ್ದು ಇದೇ ಇರಬೇಕು ಎಂಬ ಹಾಗೆ ಅವು ಅವಳ ಬಾಯಿಂದ ಬಂದವು. ತಜ್ಞರು ಬರೆಯುವುದನ್ನು ಮರೆತು ಮೇಜು ನೋಡುತ್ತ ಕೂತರು.

ಕೊನೆಗೆ ಬ್ರಿಂಕಮಾನ್ ಬಹಳ ಕಷ್ಟಪಟ್ಟು ಒಂದು ವಾಕ್ಯ ಮುಂದಿಟ್ಟರು: “ಇಂದಿನ ದೃಷ್ಟಿಯಿಂದ ನೋಡಿದರೆ ಅದು ಜನಾಂಗಹತ್ಯೆ.”

“ಆವತ್ತಿನ ದೃಷ್ಟಿಯಿಂದ?” ಎಂದ ಕಾಕುಂದೆ ತಾತ.

“ಆವತ್ತು ಆ ಪದ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು ನಲವತ್ತು ವರ್ಷ ತಡವಾಗಿ.”

“ಅಂದ್ರೆ ನಮ್ಮವರು ಅವಸರ ಮಾಡಿ ಸತ್ತುಬಿಟ್ರು ಅನ್ನಿ” ಎಂದ ತಾತ. ಮಿನಾ ಅದನ್ನು ಇದ್ದ ಹಾಗೇ ಹೇಳಿದಳು. ಊಟದ ಹೊತ್ತಾಗಿತ್ತು, ಆದರೆ ಯಾರೂ ಏಳಲಿಲ್ಲ.

ಆ ವಾಕ್ಯ ಸಭಾಭವನದ ಬಾಗಿಲು ದಾಟಿ ಊರು ಸೇರಲು ಒಂದು ಸಂಜೆ ಸಾಕಾಯಿತು. ಹೆಂಡದಂಗಡಿಯಲ್ಲಿ ಒಬ್ಬನ ಟೋಪಿ ಇನ್ನೊಬ್ಬನ ತಲೆಯಲ್ಲಿ ಸಿಕ್ಕಿತು. “ಇಂದಿನ ದೃಷ್ಟಿಯಿಂದ ಟೋಪಿ ನಿಂದು” ಎಂದ ತಲೆಯವನು. ಹೆಂಡತಿಗೆ ಸಿಕ್ಕಿಬಿದ್ದ ಗಂಡನೊಬ್ಬ, ಆಗ ಆ ಸಂಬಂಧಕ್ಕೆ ಹೆಸರೇ ಇರಲಿಲ್ಲ ಎಂದು ವಾದಿಸಿದ. ಪಾದ್ರಿ ಬೇಸತ್ತು ಭಾನುವಾರದ ಪ್ರಾರ್ಥನೆಯಲ್ಲೇ ಆ ಮಾತನ್ನು ಆಡಕೂಡದೆಂದು ಸಾರಿದರು. ಮಿನಾಳಿಗೆ ಮಾತ್ರ ಇದೆಲ್ಲ ತನ್ನ ಕೀರ್ತಿಯೆಂದೇ ತೋರಿತು. ಉಂಡೆ ಕೊಳ್ಳಲು ಬಂದವರಿಗೆ ಉದ್ದೇಶ ಎಂದರೇನು, ಭಾಗಶಃ ಎಂದರೇನು, ಜರ್ಮನ್ ಸರ್ಕಾರ ಕೊಡುವ ಹಣವನ್ನು ಪರಿಹಾರ ಎನ್ನದೆ ಅಭಿವೃದ್ಧಿಗೆ ನೆರವು ಎನ್ನುವುದೇಕೆ ಎಂದು ಪಾಠ ಹೇಳತೊಡಗಿದಳು.

ಅವಳ ಹೆಮ್ಮೆ ಇಳಿದದ್ದು ಮಾಂಸದ ಸಂತೆಯಲ್ಲಿ. ಅಲ್ಲಿ ಅವಳ ತಮ್ಮ ಟ್ರೌಗಾಟ್ ದನ ಕಡಿದು ಸುಟ್ಟು ಮಾರುತ್ತಿದ್ದ. ಬೆಟ್ಟದಂಥ ಆಳು, ಮಗುವಿನಂಥ ಮುಖ. ಅವನ ಅಂಗಡಿಯ ತಂತಿಯ ಮೇಲೆ ಒಂದು ಕೆಂದು ಚರ್ಮ ಒಣಗುತ್ತಿತ್ತು. ಅದರ ನಡುವಿಗೆ ಬಿಳಿಯ ಪಟ್ಟಿ ಬಿಗಿದಂತೆ ಇತ್ತು. ಮಿನಾ ಸಭಾಭವನದಲ್ಲಿ ದಿನವಿಡೀ ಕೂತಿದ್ದಾಗ ಅವಳ ಹಸು ಮೇಯುತ್ತ ಮೇಯುತ್ತ ತಮ್ಮನ ಹಟ್ಟಿಯ ಕಡೆ ಹೋಗಿತ್ತು.

“ಲೋ ಟ್ರೌಗಾಟ್, ಇದು ನನ್ನ ಹಸುವಿನ ಚರ್ಮ.”

ಟ್ರೌಗಾಟ್ ಕತ್ತಿ ಒರೆಸಿದ. ಬಹಳ ಹೊತ್ತು ಒರೆಸಿದ. ಆಮೇಲೆ ಹೇಳಿದ: “ಇಂದಿನ ದೃಷ್ಟಿಯಿಂದ ನೋಡಿದ್ರೆ ನಿಂದೇ ಅಕ್ಕ.”

“ಏನಂದೆ?”

“ಆವತ್ತು ಸಂಜೆ ಧೂಳಿತ್ತು. ನನ್ನ ಹಸು ಥರಾನೇ ಕಾಣಿಸ್ತು. ಉದ್ದೇಶ ಇರ್ಲಿಲ್ಲ. ನೀನೇ ಹೇಳ್ತಿದ್ದೆಯಲ್ಲ, ಉದ್ದೇಶಾನೇ ಮುಖ್ಯ ಅಂತ.”

“ಕದ್ದೆ ಅಂತ ಹೇಳೋ.”

“ವಿಷಾದ ಇದೆ ಅಕ್ಕ. ತುಂಬಾ ವಿಷಾದ ಇದೆ.”

“ವಿಷಾದ ಇಟ್ಕೊಂಡು ಏನ್ಮಾಡ್ಲಿ, ಹಾಲು ಕರೀಲಾ? ಕದ್ದೆ ಅನ್ನು.”

“ನಿನ್ನ ಮನೆ ಸೂರು ರಿಪೇರಿ ಮಾಡಿಕೊಡ್ತೀನಿ. ಪರಿಹಾರ ಅಂತ ಅಲ್ಲ ಮತ್ತೆ. ಅಭಿವೃದ್ಧಿಗೆ ನೆರವು ಅಂತ.”

ಮಿನಾ ಅಲ್ಲಿದ್ದ ಉಪ್ಪಿನ ಡಬ್ಬಿ ಎತ್ತಿ ಅವನ ಮೇಲೆಸೆದಳು. ಟ್ರೌಗಾಟ್ ಬಗ್ಗಿದ, ಉಪ್ಪು ಪಕ್ಕದ ಅಂಗಡಿಯವನ ಬೆಂಕಿಗೆ ಬಿದ್ದು ಚಟಪಟ ಸಿಡಿಯಿತು. ಮಾಂಸ ತಿನ್ನುತ್ತಿದ್ದವರಲ್ಲಿ ಕೆಲವರು ಅಕ್ಕನ ಪಕ್ಷ, ಕೆಲವರು ತಮ್ಮನ ಪಕ್ಷ ಆದರು. ಎರಡೂ ಪಕ್ಷದವರು ಆ ಹಸುವನ್ನೇ ತಿನ್ನುತ್ತಿದ್ದರೆಂಬುದು ಯಾರ ಗಮನಕ್ಕೂ ಬರಲಿಲ್ಲ.

ನ್ಯಾಯ ಕಾಕುಂದೆ ತಾತನ ಮುಂದೆ ಹೋಯಿತು. ಹಿರಿಯರೆಲ್ಲ ಮುಳ್ಳುಮರದ ನೆರಳಿಗೆ ಹೊರಟದ್ದರಿಂದ ಸಂಕಿರಣ ತಾನಾಗಿಯೇ ನಿಂತಿತು. ಕೇಳುವವರಿಲ್ಲದೆ ಉಳಿದ ತಜ್ಞರು ತಾವೂ ಕುರ್ಚಿ ಹೊತ್ತುಕೊಂಡು ಬಂದು ಮರದ ಕೆಳಗೆ ಕೂತರು. ಮಿನಾ ಅಂದು ನೆಲ ಮುಟ್ಟುವ ದೊಡ್ಡ ಉಡುಪು ಉಟ್ಟು, ಹಸುವಿನ ಕೊಂಬಿನಂತೆ ಎರಡು ಕಡೆ ಚಾಚಿದ ರುಮಾಲು ಕಟ್ಟಿ ಬಂದಿದ್ದಳು. ಫಿರ್ಯಾದಿಯೂ ಅವಳೇ, ದುಭಾಷಿಯೂ ಅವಳೇ. ತಮ್ಮನ ವಾದವನ್ನೂ ಅವಳೇ ಜರ್ಮನ್‌ಗೆ ತಿರುಗಿಸಬೇಕು. “ಈ ಕಳ್ಳ ಹೇಳ್ತಿದಾನೆ” ಎಂದು ಶುರುಮಾಡಿ ಅದನ್ನು ಮಾಡಿದಳು.

ಜೈಫರ್ಟ್‌ರಿಗೆ ಸುಮ್ಮನಿರಲಾಗಲಿಲ್ಲ. ಅಪ್ಪಣೆ ಕೇಳಿ ಎದ್ದು ನಿಂತು ತಜ್ಞ ಅಭಿಪ್ರಾಯ ಕೊಟ್ಟರು. ಹಸುವಿನ ನಾಶ ನಡೆದಿದೆ, ಅದರಲ್ಲಿ ವಿವಾದವಿಲ್ಲ. ಆದರೆ ಅದು ಮಿನಾ ಅವರ ಹಸು ಎಂಬ ಕಾರಣಕ್ಕಾಗಿಯೇ ನಡೆಯಿತೆ? ಬ್ರಿಂಕಮಾನ್ ಅದನ್ನು ಒಪ್ಪಲಿಲ್ಲ. ಮನಸ್ಸನ್ನು ನೋಡಲಾಗದ ಕಡೆ ನಡತೆಯಿಂದ ಉದ್ದೇಶವನ್ನು ಊಹಿಸಬಹುದು, ಆರೋಪಿ ಚರ್ಮವನ್ನು ಬಚ್ಚಿಡದೆ ಒಣಹಾಕಿದ್ದನ್ನು ಗಮನಿಸಬೇಕು ಎಂದರು. ಬಚ್ಚಿಡದಿರುವುದು ಮುಗ್ಧತೆಯೋ ದಾರ್ಷ್ಟ್ಯವೋ ಎಂಬ ಬಗ್ಗೆ ಇಬ್ಬರ ನಡುವೆ ಮಾತು ಬೆಳೆಯಿತು.

“ಮತ್ತೆ ಭಾಗಶಃ ಅಂದ್ರಲ್ಲ,” ಎಂದು ಟ್ರೌಗಾಟ್ ಬಾಯಿಹಾಕಿದ, “ತಲೆಮಾಂಸ ಇನ್ನೂ ಮಾರಿಲ್ಲ.”

ಕಾಕುಂದೆ ತಾತ ಇದನ್ನೆಲ್ಲ ಕಣ್ಣುಮುಚ್ಚಿ ಕೇಳಿದ. ಆಮೇಲೆ ಕಣ್ಣು ಬಿಟ್ಟು, “ಮಗಾ, ಆ ಹಸು ಯಾವುದು, ಹೇಳು. ನಿಮ್ಮ ಹಟ್ಟೀಲಿ ಹಸುಗಳನ್ನ ಹೇಗೆ ಹೇಳ್ತಾರೋ ಹಾಗೆ ಹೇಳು” ಅಂದ.

ನಮ್ಮಲ್ಲಿ ಒಂದು ಹಸುವಿನ ಮಾತೆತ್ತಿದರೆ ಅದರ ಮೈಬಣ್ಣ, ತಾಯಿ, ತಾಯಿಯ ತಾಯಿ, ನೀರು ಕುಡಿದ ಬಾವಿ ಎಲ್ಲವನ್ನೂ ಹಾಡಿನಂತೆ ಹೇಳದೆ ನಿಲ್ಲಿಸುವುದು ಮರ್ಯಾದೆಯಲ್ಲ. ಟ್ರೌಗಾಟ್ ತಲೆ ತಗ್ಗಿಸಿದ. ಹಾಡು ತಾನಾಗಿಯೇ ಬಂತು:

“ನಡುಪಟ್ಟಿ. ಕೆಮ್ಮಣ್ಣಿನ ಬಾವಿ ಹತ್ರ ಹುಟ್ಟಿದವಳು, ಬೆಟ್ಟದ ನೆರಳನ್ನ ಬೆನ್ನ ಮೇಲೆ ಹೊತ್ತವಳು, ಒಂಟಿಕೊಂಬಿಯ ಮಗಳು. ಒಂಟಿಕೊಂಬಿ ನಮ್ಮವ್ವನ ಹಸು. ಅವ್ವ ಜರ್ಮನರ ಮನೇಲಿ ಅಷ್ಟು ವರ್ಷ ಪಾತ್ರೆ ತಿಕ್ಕಿ ಕೊನೆಗೆ ಹಿಡ್ಕೊಂಡು ಬಂದಿದ್ದು ಅದೊಂದನ್ನೇ…” ಅಲ್ಲಿಗೆ ಅವನ ದನಿ ಒಡೆಯಿತು. ಅಷ್ಟು ದೊಡ್ಡ ಆಳು ಮಣ್ಣಿನಲ್ಲಿ ಕುಕ್ಕರಿಸಿ ಅಳತೊಡಗಿದ.

ಜೈಫರ್ಟ್, “ಏನಂದರು?” ಎಂದು ಕೇಳಿದರು. ಮಿನಾ ಕೇಳಿಸದವಳಂತೆ ನಿಂತಿದ್ದಳು.

“ಆ ವಂಶ ಎಲ್ಲಾ ನಿನ್ನ ಹಟ್ಟೀಲೇ ಉಳೀತು ಅಕ್ಕ,” ಅಂದ ಟ್ರೌಗಾಟ್. “ಒಂದು ಕರು ಕೊಡು ಅಂತ ಎಷ್ಟು ವರ್ಷದಿಂದ ಕೇಳಿದೆ. ಕೊಡ್ಲಿಲ್ಲ ನೀನು. ಸಂಜೆ ಬಂದು ನನ್ನ ಬಾಗಿಲಲ್ಲಿ ನಿಂತ್ಲು. ಸಿಟ್ಟು ಬಂತು. ಗೊತ್ತಿತ್ತು ನಂಗೆ. ಧೂಳೂ ಇರ್ಲಿಲ್ಲ, ಮಣ್ಣೂ ಇರ್ಲಿಲ್ಲ. ಕದ್ದೆ. ಕದ್ದು ಕಡಿದೆ.”

ಮಿನಾ ಸಂತೆಯ ದಿನದಿಂದ ಕಾದಿದ್ದ ಮಾತು ಬಂದಿತ್ತು. ಬಂದ ಮೇಲೆ ಎಲ್ಲಿ ನೋಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು, ಆಗಲಿಲ್ಲ. ಹಸು ಎದ್ದು ಬರಲಿಲ್ಲ. ಆದರೆ ಎರಡು ದಿನದಿಂದ ತಾನು ಏನನ್ನೂ ತಿಂದಿಲ್ಲ ಎಂಬುದು ಥಟ್ಟನೆ ನೆನಪಾಗಿ ಹೊಟ್ಟೆ ಗುರುಗುಟ್ಟಿತು.

“ಕದ್ದನಂತೆ” ಎಂದು ತಜ್ಞರಿಗೆ ಹೇಳಿದಳು. ಮೊದಲ ಸಲ ಅವಳ ಜರ್ಮನ್‌ನಲ್ಲಿ ಗದರಿಕೆ ಇರಲಿಲ್ಲ.

ತಾತ ತೀರ್ಪು ಕೊಟ್ಟ. ಟ್ರೌಗಾಟ್ ತನ್ನ ಹಟ್ಟಿಯ ಒಂದು ಹೆಣ್ಣುಗರುವನ್ನು ಮಿನಾಳಿಗೆ ಕೊಡಬೇಕು. ಮಿನಾ ಅದನ್ನು ಪರಿಹಾರ ಎಂದೇ ಕರೆಯಬೇಕು, ನೆರವು ಎಂದವರಿಗೆ ದಂಡ. ಮತ್ತು ನಡುಪಟ್ಟಿ ಹಾಕಿಹೋದ ಕರುಗಳಲ್ಲಿ ಒಂದನ್ನು ಮಿನಾ ತಮ್ಮನಿಗೆ ಕೊಡಬೇಕು. “ಇದು ಅವನ ಕಳ್ಳತನಕ್ಕೆ ಬಹುಮಾನ ಅಲ್ಲ. ನಿನ್ನ ಜಿಪುಣತನಕ್ಕೆ ದಂಡ” ಅಂದ. ಬ್ರಿಂಕಮಾನ್ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟುವ ಜಾಗ ಇದಲ್ಲವೆಂದು ತಿಳಿದು ಕೈಗಳನ್ನು ಜೇಬಿಗೆ ತುರುಕಿದರು.

ಸಂಕಿರಣ ಮಾರನೆಯ ದಿನ ಮುಗಿಯಿತು. ಪದದ ವಿಷಯದಲ್ಲಿ ಒಮ್ಮತ ಬರಲಿಲ್ಲ. ಮಾತುಕತೆ ಮುಂದುವರಿಯಲಿ ಎಂದು ಎಲ್ಲರೂ ಒಪ್ಪಿದರು, ಆದರೆ ಅದನ್ನು ಮಾತುಕತೆ ಎನ್ನಬೇಕೋ ಸಂಧಾನ ಎನ್ನಬೇಕೋ ಎಂಬಲ್ಲಿ ಮತ್ತೆ ತೊಡಕಾಯಿತು. “ಏನಾದ್ರೂ ಅನ್ನಿ. ನಾವಂತೂ ಅದರ ಹೆಸರು ಮರ್ತಿಲ್ಲ. ನೀವು ನೆನಪು ಮಾಡ್ಕೊಳ್ಳೋವರೆಗೂ ಇಲ್ಲೇ ಇರ್ತೀವಿ” ಎಂದು ಕಾಕುಂದೆ ತಾತ ಎದ್ದುಹೋದ.

ಹೊರಡುವ ಮುಂಚೆ ಬ್ರಿಂಕಮಾನ್ ಒಬ್ಬರೇ ಮಿನಾಳ ಬಾಣಲೆಯ ಬಳಿ ಬಂದರು. “ನೀವು ಮಾತಾಡುವುದನ್ನು ಕೇಳಿದರೆ ನನ್ನ ಅಜ್ಜಿಯ ನೆನಪಾಗುತ್ತದೆ. ಅವಳು ಕೆಲಸದವರಿಗೆ ಹೀಗೇ ಹೇಳುತ್ತಿದ್ದಳು” ಅಂದರು. ಮಿನಾ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

“ಯಾರಿಗೆ ಹೇಳ್ತಿದೀಯ?”

“ನಿಮಗೇ. ಒಬ್ಬರಿಗೂ ‘ನೀವು’ ಎನ್ನುತ್ತೇವೆ. ಗೌರವಕ್ಕೆ.”

ಮಿನಾ ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿದಳು. “ಅಂದ್ರೆ ಕಾಕುಂದೆ ತಾತ ಅಷ್ಟು ನಯವಾಗಿ ಹೇಳಿದ್ದನ್ನೆಲ್ಲ ನಾನು…”

“ಹೌದು” ಎಂದು ಅವರು ತಲೆ ತಗ್ಗಿಸಿದರು.

ಅವಳ ಮುಖ ಮೊದಲು ನಾಚಿಕೆಯಿಂದ ಕೆಂಪಾಯಿತು. ಆಮೇಲೆ ಬೇರೆ ಏನೋ ಅದರ ಮೇಲೆ ಹಾದುಹೋಯಿತು. ಅವ್ವ ಆ ಒಲೆಯ ಮುಂದೆ ಮುದುಕಿಯಾದದ್ದು, ಆ ದಪ್ಪ ಬಾಗಿಲು, ಅದರಾಚೆಯಿಂದ ತೇಲಿಬರುತ್ತಿದ್ದ ಮೆಲುದನಿಗಳು.

“ಬಾಗಿಲ ಆಚೆ ಬೇರೆ ಜರ್ಮನ್ ಇತ್ತು ಅನ್ನು” ಅಂದಳು.

ಬ್ರಿಂಕಮಾನ್ ಕಲಿಸಿಕೊಡಬಲ್ಲೆ ಎಂದರು, ಪುಸ್ತಕ ಕಳಿಸುತ್ತೇನೆ ಎಂದರು. “ಈಗ ಬೇಡ, ಎಣ್ಣೆ ಕಾದಿದೆ” ಎಂದು ಅವಳು ಎರಡು ಉಂಡೆಗಳನ್ನು ಕಾಗದದಲ್ಲಿ ಸುತ್ತಿ ಅವರ ಕೈಗಿಟ್ಟಳು. ಅವರು ಬಿಸಿಯಿದ್ದದ್ದನ್ನೇ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು ಜೀಪು ಹತ್ತಿದರು. ಆ ನೀರಿನ ಕಾರಣದ ಬಗ್ಗೆಯೂ ಊರಿನಲ್ಲಿ ಎರಡು ಅಭಿಪ್ರಾಯಗಳಿವೆ.

ಕರುಗಳು ಕೈ ಬದಲಾದವು. ಬದಲಾದದ್ದನ್ನು ಅವು ಒಪ್ಪಲಿಲ್ಲ. ಮಿನಾಳಿಗೆ ಬಂದ ಕರು ಸಂಜೆಯಾದರೆ ತಮ್ಮನ ಹಟ್ಟಿಗೆ ಓಡುತ್ತದೆ, ತಮ್ಮನಿಗೆ ಹೋದದ್ದು ಅಕ್ಕನ ಹಟ್ಟಿಗೆ. ಎರಡೂ ನಡುದಾರಿಯಲ್ಲಿ ಭೇಟಿಯಾಗಿ, ಒಂದರ ಮೈ ಒಂದು ನೆಕ್ಕಿ, ತಂತಮ್ಮ ದಾರಿ ಹಿಡಿಯುತ್ತವೆ. ಹಿಡಿದು ತರಲು ಮಿನಾ ದಿನವೂ ಟ್ರೌಗಾಟನ ಅಂಗಳಕ್ಕೆ ಹೋಗಬೇಕು. ಹೋದವಳಿಗೆ ಅವನ ಹೆಂಡತಿ ಸೋರೆ ಬುರುಡೆಯಲ್ಲಿ ಹುಳಿಹಾಲು ತಂದಿಡುತ್ತಾಳೆ.

“ಹಗ್ಗ ಗಟ್ಟಿಯಾಗಿ ಕಟ್ಟಕ್ಕಾಗಲ್ವಾ ಅಕ್ಕ ನಿಂಗೆ?” ಎನ್ನುತ್ತಾನೆ ಟ್ರೌಗಾಟ್.

“ನಿನ್ನ ಕರು ಅಲ್ವಾ, ನಿನ್ನ ಹಾಗೇ, ಹೇಳಿದ ಮಾತು ಕೇಳಲ್ಲ” ಎನ್ನುತ್ತಾಳೆ ಮಿನಾ.

“ನಂದಲ್ಲ ಈಗ, ನಿಂದು.”

“ಬಾಯ್ಮುಚ್ಚು. ಇನ್ನೊಂದು ಚೂರು ಹಾಲು ಹಾಕಕ್ಕೆ ಹೇಳು.”